ಸಮಸ್ಯೆ: ಏಳು ಬಂದೊಡನೆಲ್ಲರೊಂದೇ ವೇಷ ತಳೆದಿಹರು

ಕಡಿಯಾಳಿ ಮಾಷ್ಟ್ರು: ಭಾಮಿನಿ ಷಟ್ಪದಿಯ (ಆರು ಸಾಲಿನ ಪದ್ಯದ) ಕೊನೆಯ ಸಾಲು ಕೊಟ್ಟಿದ್ದೇನೆ, ಉಳಿದ ಐದು ನಿಮ್ಮದು. ಳಕಾರದ ಗಜಪ್ರಾಸ ತಪ್ಪಬಾರದು, ಅಂದರೆ ಪ್ರತಿ ಸಾಲಿನ ಮೊದಲಕ್ಷರ ದೀರ್ಘ, ಎರಡನೆಯದು ಳಕಾರ. ಪದ್ಯದೊಳಗೆ ಒಂದು ದೊಡ್ಡ ಸಂಖ್ಯೆ ಅಡಗಿರಬೇಕು.

ಉರ್ವದ ಅಕ್ಕ:
ಬಾಳೆಹಣ್ಣಿನ ಬನ್ಸು ಕರಿದೆನು
ಬೇಳೆ ಸಾರಿನ ಬುತ್ತಿ ಕಟ್ಟಿದೆ
ವೇಳೆ ಮೀರಿತು, ಏಳಿ ಮಕ್ಕಳೆ, ಬಸ್ಸು ಬರುತಿಹುದು!
ಗೋಳುಗರೆಯುವ ಚಿಣ್ಣರಂಗಿಗೆ
ತೋಳು ತುರುಕಲು ಗಂಟೆ ಬಡಿಯಿತು
ಏಳು ಬಂದೊಡನೆಲ್ಲರೊಂದೇ ವೇಷ ತಳೆದಿಹರು

ಕಡಿಯಾಳಿ ಮಾಷ್ಟ್ರು: ಬನ್ಸಿನ ಘಮ ಇಲ್ಲಿವರೆಗೆ ಬಂತು ಅಕ್ಕ. ಯೂನಿಫಾರ್ಮೂ ಒಪ್ಪಿಗೆ. ಆದರೆ ದೊಡ್ಡ ಸಂಖ್ಯೆ ಎಲ್ಲಿ ಉಂಟು?

ಉರ್ವದ ಅಕ್ಕ: ಬೆಳಿಗ್ಗೆ ಏಳು ಗಂಟೆಗಿಂತ ದೊಡ್ಡ ಸಂಖ್ಯೆ ಯಾವುದು ಮಾಷ್ಟ್ರೆ?

ಮಣಿಪಾಲದವಳು:
ಮೇಳದಾರ್ವರು ಸುತ್ತಿ ಕುಣಿವರು
ತಾಳ ತಪ್ಪದೆ ಠಾವ ಬದಲಿಸಿ
ಆಳು ತಪ್ಪದು, ಸಾಲು ತಪ್ಪದು ಮಗ್ಗಿಯಾರರಲಿ
ಏಳರಿಂದೊಂದನ್ನು ಭಾಗಿಸೆ
ಕೋಳಿ ಕೂಗಿದರೇನು ನಿಲ್ಲರು
ಏಳು ಬಂದೊಡನೆಲ್ಲರೊಂದೇ ವೇಷ ತಳೆದಿಹರು

ನನ್ನ ಮೇಳದ ಹೆಸರು 142857.

ಸುರತ್ಕಲ್ ಚೆಂಡೆ: ಗುಣಿಸಿ ನೋಡಿದೆ. ಎರಡರಿಂದ 285714, ಮೂರರಿಂದ 428571, ಆರರಿಂದ 857142. ಅವೇ ಅಂಕಿ, ಅದೇ ಸರದಿ, ಶುರುವಾಗುವ ಜಾಗ ಮಾತ್ರ ಬೇರೆ. ಏಳರಿಂದ 999999! ವೇಷ ಗೊತ್ತಾಯ್ತು ಮಾರಾಯ್ರೆ, ಆದ್ರೆ ಹೀಗಾಗುವುದು ಎಂತಕ್ಕೆ?

ಮಣಿಪಾಲದವಳು: ಕಾಗದದ ಮೇಲೆ ಒಂದನ್ನು ಏಳರಿಂದ ಭಾಗಿಸ್ತಾ ಹೋಗಿ. ಶೇಷ 3, 2, 6, 4, 5, ಆಮೇಲೆ ಪುನಃ 1. ಸೊನ್ನೆ ಬಿಟ್ಟು ಬರಬಹುದಾದ ಆರೂ ಶೇಷ ಒಂದೊಂದೇ ಸಲ ಬಂದು ಹೋಗ್ತವೆ. ಎರಡನ್ನು ಏಳರಿಂದ ಭಾಗಿಸುವುದೆಂದರೆ ಇದೇ ಸುತ್ತಿಗೆ ಶೇಷ 2 ಇದ್ದ ಕಡೆಯಿಂದ ಹೊಕ್ಕಂತೆ, ಹಾಗಾಗಿ 285714. ಏಳನ್ನೇ ಏಳರಿಂದ ಭಾಗಿಸಿದರೆ 1. ಸುತ್ತಿನ ಲೆಕ್ಕದಲ್ಲಿ ಅದು 0.999999…, ಎರಡೂ ಒಂದೇ.

ಉರ್ವದ ಅಕ್ಕ: ಹದಿಮೂರಕ್ಕೂ ಹೀಗೇ ಆಗ್ತದಾ?

ಮಣಿಪಾಲದವಳು: ಇಲ್ಲ ಅಕ್ಕ, ಅಲ್ಲಿ ಮೇಳ ಒಡೆದು ಎರಡಾಗಿದೆ: 076923 ಮತ್ತು 153846. ಹದಿನೇಳಕ್ಕೆ ಪುನಃ ಒಂದೇ ಮೇಳ, ಹದಿನಾರು ಅಂಕಿ: 0588235294117647. ಮುಂದಿನ ಸೊನ್ನೆ ಬಿಡಬೇಡಿ, ಅವನೂ ಕುಣಿಯುವವನೇ.

ಕಡಿಯಾಳಿ ಮಾಷ್ಟ್ರು: "ಕೋಳಿ ಕೂಗಿದರೇನು" ಬಹಳ ಹಿಡಿಸಿತು. ನಮ್ಮ ಯಕ್ಷಗಾನ ಮೇಳದವರಾದರೆ ಬೆಳಗಾಗುವಾಗ ಮಂಗಳ ಹಾಡಿ ಮುಗಿಸ್ತಾರೆ, ದಶಮಾಂಶಕ್ಕೆ ಮಂಗಳವೇ ಇಲ್ಲ. "ಮಗ್ಗಿಯಾರರಲಿ" ಮಾತ್ರ ಸ್ವಲ್ಪ ಎಳೆದು ಕೂರಿಸಿದ ಹಾಗುಂಟು.

ಸುರತ್ಕಲ್ ಚೆಂಡೆ: 142857ರ ವರ್ಗ 20408122449. ಅದನ್ನು 20408, 122449 ಎಂದು ತುಂಡು ಮಾಡಿ ಕೂಡಿಸಿ, ಪುನಃ 142857! ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮಾಸ್ತರ್ ಕಾಪ್ರೇಕರರ ಹೆಸರಿನ ಸಂಖ್ಯೆಗಳಲ್ಲಿ ಇದೂ ಒಂದು. ಇದನ್ನು ಕಂದಪದ್ಯದಲ್ಲಿ ಕೂರಿಸುವವರು ಯಾರು?