ಡೊರಾಡೊ ಕಚ್ಚುತ್ತೆ, ಎಗರುತ್ತೆ, ಹುಕ್ ಉಗುಳಿ ಹೋಗುತ್ತೆ – 14 ಹಿಟ್‌ಗೆ 1 ಮೀನು, ಎಲ್ಲಿ ಎಡವ್ತಿದೀನಿ?

ಶಿಂಷಾತೀರ:
ಎಲ್ರಿಗೂ ನಮಸ್ಕಾರ. ಕೆಲಸದ ಮೇಲೆ ಬ್ಯೂನಸ್ ಐರಿಸ್‌ನಲ್ಲಿದೀನಿ, ಎರಡು ವರ್ಷ ಆಯ್ತು. ಹೋದ ವಾರ ರಜ ಸಿಕ್ತು ಅಂತ ರಾತ್ರಿ ಬಸ್ ಹತ್ತಿ ಕೊರಿಯೆಂತೆಸ್‌ಗೆ ಹೋಗಿ ಅಲ್ಲಿಂದ ಪಾಸೊ ದೆ ಲಾ ಪಾತ್ರಿಯಾದಲ್ಲಿ ಮೂರು ದಿನ ಡೊರಾಡೊಗೆ ಗಾಳ ಹಾಕ್ದೆ, ಇಲ್ಲಿನ ನದಿಗಳ ಬಂಗಾರ ಬಣ್ಣದ ಬೇಟೆಮೀನು ಅದು. ಪರಗ್ವಾಯ್ ನದಿ ಬಂದು ಪರನಾಗೆ ಸೇರೋ ಜಾಗದ ಹತ್ರ, ಒಂದು ಕಡೆ ಕೆಂಪು ಬಗ್ಗಡ ಇನ್ನೊಂದು ಕಡೆ ತಿಳಿನೀರು, ನಡುವೆ ಗೆರೆ ಎಳೆದ ಹಾಗೆ ಕಿಲೋಮೀಟರ್‌ಗಟ್ಲೆ ಜೊತೆಗೇ ಹರೀತವೆ, ಅದೊಂದು ನೋಡಕ್ಕೇ ಹೋಗಬಹುದು.

ವಿಷಯಕ್ಕೆ ಬರ್ತೀನಿ. ಮೂರು ದಿನಕ್ಕೆ 14 ಹಿಟ್, ಅಂದ್ರೆ 14 ಸಲ ಮೀನು ಕಚ್ಚಿದ್ದು. ದೋಣಿಗೆ ಬಂದಿದ್ದು ಒಂದು, ಅದೂ ಎರಡು ಕೆಜಿ ಇರಬಹುದು. ಉಳಿದದ್ದೆಲ್ಲ ಕಚ್ಚುತ್ತೆ, ಎರಡು ಸೆಕೆಂಡ್ ರಾಡ್ ಬಾಗುತ್ತೆ, ಬಂಗಾರದ ತಟ್ಟೆ ಎಸೆದ ಹಾಗೆ ನೀರಿಂದ ಮೇಲೆ ಬಂದು ತಲೆ ಒದರುತ್ತೆ, ಲ್ಯೂರ್ (ನಕಲಿ ಮೀನು) ನನ್ನ ಕಡೆಗೇ ಹಾರಿ ಬರುತ್ತೆ. ಎರಡು ಲ್ಯೂರ್ ಕತ್ತರಿಸ್ಕೊಂಡೇ ಹೋದ್ವು. ಗೈಡ್ ಪ್ರತಿ ಸಲ "ಕ್ಲಾವಾ! ಕ್ಲಾವಾ!" ಅಂತ ಕಿರುಚ್ತಿದ್ದ, ಮೊದಲ ದಿನ ಪೂರ್ತಿ ನಾನು ಅದು ಮೀನಿನ ಇನ್ನೊಂದು ಹೆಸರು ಅಂದ್ಕೊಂಡಿದ್ದೆ.

ಸೆಟಪ್: ಮೀಡಿಯಂ ಸ್ಪಿನ್ನಿಂಗ್ ರಾಡ್, 40 ಪೌಂಡ್ ಬ್ರೇಡ್ (ಹೆಣೆದ ಲೈನ್), ಅದರ ತುದಿಗೆ 40 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ಲ್ಯೂರ್ ಕಟ್ಟೋ ಪ್ಲಾಸ್ಟಿಕ್ ಎಳೆ), 12 ಸೆಂ.ಮೀ. ಡೈವಿಂಗ್ ಲ್ಯೂರ್, ಅದರ ಜೊತೆ ಬಂದ ಟ್ರೆಬಲ್ (ಮೂರು ಕೊಕ್ಕೆಯ) ಹುಕ್ಕೇ. ಚಿಕ್ಕವನಿದ್ದಾಗ ಅಪ್ಪನ ಜೊತೆ ಕಾವೇರೀಲಿ ಬಿಳಿಮೀನಿಗೆ (ಮಹಸೀರ್) ರಾಗಿ ಮುದ್ದೆ ಕಟ್ಟಿ ಕೂತವನು, ಹಾಗಾಗಿ ಪೂರ್ತಿ ಹೊಸಬ ಅಲ್ಲ. ಏನ್ ತಪ್ಪು?

ಮಲ್ನಾಡ್‌ಗಾಳ:
ಮಾರಾಯ, ಅವಸರ ಜಾಸ್ತಿ ಆಗಿರ್ಬೇಕು. ಮೀನು ಬಾಯಿಗೆ ಹಾಕ್ಕೊಳ್ಲಿ, ತಿರುಗ್ಲಿ, ಓಡ್ಲಿ. ಆಮೇಲೆ ಮೆಲ್ಲ ಲೈನ್ ಬಿಗಿ ಮಾಡು. ನಾನು ಅದೇ ನದಿ ಕೆಳಗಿನ ಎಸ್ಕಿನಾ ಊರಲ್ಲಿ ಹೀಗೇ ಮಾಡಿ ನಾಲ್ಕು ಹಿಡ್ದೆ, ಹೊಡೀಲೇ ಇಲ್ಲ, ಅಂದ್ರೆ ಹುಕ್ ಚುಚ್ಚೋಕೆ ರಾಡ್ ಜಗ್ಗಲೇ ಇಲ್ಲ.

ದಡದಮೇಲೆ:
@ಮಲ್ನಾಡ್‌ಗಾಳ ನೀವು ಹಾಕಿದ್ದು ಏನು, ಲ್ಯೂರಾ ಜೀವಂತ ಎರೆನಾ?

ಮಲ್ನಾಡ್‌ಗಾಳ:
ಮೊರೇನಾ. ಹಾವಿನ ಥರ ಇರುತ್ತಲ್ಲ ಆ ಮೀನು. ಸರ್ಕಲ್ ಹುಕ್.

ದಡದಮೇಲೆ:
ಹಾಗಾದ್ರೆ ನಿಮ್ಮದು ನಿಮಗೆ ಸರಿ, ಇವರಿಗೆ ಪೂರ್ತಿ ಉಲ್ಟಾ. ಸರ್ಕಲ್ ಹುಕ್ ಮೀನು ತಿರುಗಿದಾಗ ತಾನೇ ಜಾರಿ ಬಾಯಿ ಮೂಲೆಗೆ ಕೂರುತ್ತೆ, ಅಲ್ಲಿ ಹೊಡೆದ್ರೇ ತಪ್ಪು. ಲ್ಯೂರ್ ಮರದ ತುಂಡೋ ಪ್ಲಾಸ್ಟಿಕ್ಕೋ ಆಗಿರುತ್ತೆ, ಕಚ್ಚಿದ ಮರುಕ್ಷಣ ಮೀನಿಗೆ ಮೋಸ ಗೊತ್ತಾಗುತ್ತೆ, ಅದು ಉಗುಳೋ ಮುಂಚೆ ನೀವು ಚುಚ್ಚಬೇಕು. ಬಿಳಿಮೀನಿಗೆ ಬಾಯಲ್ಲಿ ಹಲ್ಲಿಲ್ಲ, ತುಟಿ ದಪ್ಪ, ಮೆತ್ತಗೆ, ಹುಕ್ ಕೂತ್ರೆ ಕೂತ ಹಾಗೇ. ಡೊರಾಡೊ ದವಡೆ ಬರೀ ಮೂಳೆ, ಸಾಲಾಗಿ ಹಲ್ಲು, ಹುಕ್ ಹಿಡಿಯೋಕೆ ಜಾಗ ಇರೋದೇ ಒಂದೆರಡು ಕಡೆ. ಗೈಡ್ ಕಿರುಚ್ತಿದ್ದಿದ್ದೂ ಅದನ್ನೇ. ಕ್ಲಾವಾ ಅಂದ್ರೆ "ಚುಚ್ಚು", ಮೊಳೆ ಹೊಡಿ ಅನ್ನೋ ಥರ.

ಈಗ ನನ್ನ ಪ್ರಶ್ನೆ. ನೀವು ಹೊಡೆದಾಗ ರೀಲ್ ಕಿರ್ರ್ ಅನ್ನುತ್ತಾ?

ಶಿಂಷಾತೀರ:
ಅನ್ನುತ್ತೆ ಸರ್, ಪ್ರತಿ ಸಲ. ಮೀನು ಓಡ್ತಿದೆ ಅಂತ ಖುಷಿ ಪಡ್ತಿದ್ದೆ.

ದಡದಮೇಲೆ:
ಓಡ್ತಿರೋದು ಮೀನಲ್ಲ ಸ್ವಾಮಿ, ನಿಮ್ಮ ಡ್ರ್ಯಾಗು (ಜೋರಾಗಿ ಎಳೆದ್ರೆ ಲೈನ್ ಬಿಟ್ಟುಕೊಡೋ ರೀಲಿನ ಬ್ರೇಕು). ನೀವು ಎಳೆದ ಬಲಾನೆಲ್ಲ ರೀಲೇ ನುಂಗ್ತಿದೆ, ಹುಕ್ಕಿನ ತುದಿಗೆ ಏನೂ ತಲುಪ್ತಿಲ್ಲ. ಮನೇಲಿ ಲಗೇಜ್ ತೂಗೋ ಕೈತಕ್ಕಡಿ ಇದ್ರೆ ಲೈನ್ ತುದೀನ ಅದಕ್ಕೆ ಕಟ್ಟಿ ತಕ್ಕಡೀನ ಕಿಟಕಿ ಸರಳಿಗೆ ಸಿಗಿಸಿ, ರಾಡ್ ಬಾಗೋ ಹಾಗೆ ಎಳೀರಿ, ಎಷ್ಟು ಕೆಜಿಗೆ ಜಾರುತ್ತೆ ನೋಡಿ. ಹಾಗೇ ಒಂದು ಹುಕ್ ತಗೊಂಡು ಹೆಬ್ಬೆಟ್ಟಿನ ಉಗುರಿನ ಮೇಲೆ ಮೆಲ್ಲಗೆ ಇಟ್ಟು ಎಳೀರಿ. ಉಗುರಿಗೆ ಕಚ್ಚಿಕೊಂಡ್ರೆ ಚೂಪು. ಗೀರು ಬೀಳಿಸಿ ಜಾರಿದ್ರೆ ಮೊಂಡು.

ಕೃಷ್ಣಾದಂಡಿ:
ಲೀಡರ್ ಮೊದ್ಲು ಬದಲಿ ಮಾಡ್ರಿ. ಫ್ಲೋರೋಕಾರ್ಬನ್ ಆ ಹಲ್ಲಿಗೆ ದಾರ ಇದ್ದಂಗ. ಡೊರಾಡೊ ಬಿಟ್ಟರೂ ಪಲೋಮೆತಾ ಬಿಡಂಗಿಲ್ಲ, ಅಲ್ಲಿ ಪಿರಾನಾಗೆ ಹಂಗ ಅಂತಾರ. ನೈಲಾನ್ ಸುತ್ತಿದ ಸ್ಟೀಲ್ ವೈರ್ 30–40 ಪೌಂಡಿಂದು, ಒಂದು ಗೇಣು ಸಾಕು. ವೈರ್ ಕಂಡ್ರ ಮೀನು ಹೆದರ್ತದ ಅಂತ ಯಾರರ ಅಂದ್ರ ಕಿವಿಗೆ ಹಾಕ್ಕೋಬ್ಯಾಡ್ರಿ, ಅಂಥಾ ಹರಿವಿನ್ಯಾಗ ವಿಚಾರ ಮಾಡ್ಲಿಕ್ಕೆ ಅದಕ್ಕ ಪುರುಸೊತ್ತಿರಂಗಿಲ್ಲ.

ಸಾರುಪ್ರಿಯ:
ಆ ಒಂದು ಮೀನು ಏನಾಯ್ತು ಗುರು? ಸಾರು?

ಶಿಂಷಾತೀರ:
ಬಿಟ್ಟೆ. ಅಲ್ಲಿ ಡೊರಾಡೊ ಹಿಡಿದ್ರೆ ಬಿಡಲೇಬೇಕು. 2002ರಲ್ಲೇ ಕಾನೂನು ಮಾಡಿ ರಾಷ್ಟ್ರೀಯ ಆಸಕ್ತಿಯ ಮೀನು ಅಂತ ಘೋಷಿಸಿದ್ದಾರೆ. ಊಟಕ್ಕೆ ಲಾಡ್ಜಿನವರು ಬೇರೆ ಮೀನು ಕೆಂಡದ ಮೇಲೆ ಸುಟ್ಟು ಕೊಟ್ರು, ಉಪ್ಪು ನಿಂಬೆಹಣ್ಣು ಬಿಟ್ರೆ ಏನೂ ಇಲ್ಲ, ಒಂದು ಚಮಚ ಖಾರದ ಪುಡಿ ಕಟ್ಕೊಂಡು ಹೋಗಬೇಕಿತ್ತು ಅನ್ನಿಸ್ತು.

@ದಡದಮೇಲೆ ಸರ್, ತೂಗಿದೆ. 1.3 ಕೆಜಿಗೇ ಜಾರ್ತಿದೆ! ಅಪ್ಪ ಯಾವಾಗ್ಲೂ "ಮೊದಲನೇ ಓಟ ಮೀನಿಂದು" ಅಂತಿದ್ರು, ಅದೇ ಅಭ್ಯಾಸಕ್ಕೆ ಡ್ರ್ಯಾಗ್ ಸಡಿಲ ಬಿಟ್ಟಿದ್ದೆ. ಉಗುರಿನ ಟೆಸ್ಟಲ್ಲಿ ಆರು ಹುಕ್ಕಲ್ಲಿ ನಾಲ್ಕು ಜಾರಿದ್ವು. ಅದರಲ್ಲಿ ಒಂದರ ಕೊಕ್ಕೆ ಸೇಫ್ಟಿ ಪಿನ್ ಬಿಚ್ಚಿದ ಹಾಗೆ ಅಗಲ ಆಗಿದೆ, ಮೂರು ದಿನ ಅದನ್ನೇ ಎಸೀತಾ ಇದ್ನಲ್ಲ ನಾನು.

ದಡದಮೇಲೆ:
ರೋಗ ಸಿಕ್ತು. ಆ ತೆಳು ಟ್ರೆಬಲ್ ಎಲ್ಲ ತೆಗೆದು ದಪ್ಪ ತಂತಿಯ 4ಎಕ್ಸ್ ಹಾಕಿ, ಹುಕ್ ತುದಿ ಹತ್ರ ಹಿಂದಕ್ಕೆ ಚಾಚಿರೋ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಮುಳ್ಳಿಲ್ದಿದ್ರೆ ಜಾರಿ ಹೋಗಲ್ವಾ ಅಂತ ಎಲ್ರೂ ಕೇಳ್ತಾರೆ, ಆದ್ರೆ ಮೂಳೆಗೆ ಇಳಿಯೋದೇ ಕಷ್ಟ ಇರೋವಾಗ ಮುಳ್ಳು ಅಡ್ಡಾನೇ, ಬಿಡಿಸೋವಾಗ ಮೀನಿಗೂ ನಿಮ್ಮ ಬೆರಳಿಗೂ ಒಳ್ಳೇದು. ಡ್ರ್ಯಾಗ್ 4–4.5 ಕೆಜಿಗೆ ತನ್ನಿ, 40 ಪೌಂಡ್ ಬ್ರೇಡಿನ ಕಾಲು ಭಾಗ ಅಷ್ಟು ಬರುತ್ತೆ. ಹೊಡೆಯೋವಾಗ ರಾಡ್ ತಲೆ ಮೇಲೆ ಎತ್ತಬೇಡಿ, ಪಕ್ಕಕ್ಕೆ ತಗ್ಗಿಸಿ ಎಳೀರಿ, ಒಂದಲ್ಲ ಎರಡು ಮೂರು ಸಲ. ಮೇಲೆತ್ತಿದ್ರೆ ನೀವೇ ಎಗರು ಅಂತ ಹೇಳಿಕೊಟ್ಟ ಹಾಗೆ. ಎಗರಿದಾಗ ಲೈನ್ ಸಡಿಲ ಬಿಡಬೇಕಾ ಬಿಗಿ ಇಡಬೇಕಾ ಅಂತ ಜಗಳ ಇದೆ. ಫ್ಲೈ (ಗರಿ, ದಾರ ಸುತ್ತಿದ ಹಗುರ ನಕಲಿ ಎರೆ) ಹಾಕೋರು ರಾಡ್ ಬಗ್ಗಿಸಿ ಬಿಡು ಅಂತಾರೆ, ಭಾರದ ಲ್ಯೂರಿಗೆ ನಾನಂತೂ ಬಿಗೀನೇ ಇಡೋದು, ಸಡಿಲ ಸಿಕ್ರೆ ಆ ಲ್ಯೂರಿನ ತೂಕಾನೇ ಸುತ್ತಿಗೆ ಆಗಿ ಹುಕ್ ಕೀಳುತ್ತೆ.

ಶಿಂಷಾತೀರ (ಮೂರು ವಾರ ಬಿಟ್ಟು):
ಅಪ್ಡೇಟ್. ಅದೇ ಜಾಗ, ಅದೇ ಗೈಡ್, ಎರಡು ದಿನ. 9 ಹಿಟ್, 5 ಮೀನು. ದೊಡ್ಡದು ಬಾಯಿ ಹಿಡಿಯೋ ಗ್ರಿಪ್ಪಲ್ಲಿ ತೂಗಿದ್ರೆ 7 ಕೆಜಿ, ಮುಳುಗಿದ ಮರದ ದಿಮ್ಮಿ ಪಕ್ಕ ಎಸೆದಿದ್ದೆ, ರೀಲ್ ಮೂರು ಸುತ್ತು ಸುತ್ತೋಷ್ಟರಲ್ಲಿ ಯಾರೋ ಗೇಟ್ ಹಾಕಿದ ಹಾಗೆ ಆಯ್ತು. ಪಕ್ಕಕ್ಕೆ ಎರಡು ಸಲ ಎಳೆದೆ, ರೀಲ್ ಸದ್ದೇ ಮಾಡ್ಲಿಲ್ಲ, ಆಗ್ಲೇ ಗೊತ್ತಾಯ್ತು ಇದು ಕೂತಿದೆ ಅಂತ. ಮೂರು ಸಲ ಎಗರ್ತು, ಹುಕ್ ಅಲ್ಲಾಡ್ಲಿಲ್ಲ. ಹತ್ರದಿಂದ ನೋಡಿದ್ರೆ ಮೈಮೇಲೆ ಪ್ರತಿ ಪೊರೆಗೂ ಒಂದು ಕಪ್ಪು ಚುಕ್ಕೆ, ಅವೆಲ್ಲ ಸೇರಿ ತಲೆಯಿಂದ ಬಾಲದವರೆಗೆ ಗೆರೆ, ಬಾಲದ ನಡುವೆ ಕಪ್ಪು ಪಟ್ಟಿ. ನೀರಲ್ಲೇ ಹಿಡಿದು ಬಿಡಿಸ್ದೆ, ಮುಳ್ಳಿಲ್ಲದ ಹುಕ್ ಒಂದೇ ತಿರುವಿಗೆ ಬಂತು.

ತಪ್ಪಿಹೋದ ನಾಲ್ಕರಲ್ಲಿ ಒಂದು ಪೂರ್ತಿ ನನ್ನದೇ ತಪ್ಪು, ಮೇಟ್ (ಇಲ್ಲಿನ ಗಿಡಮೂಲಿಕೆ ಚಹಾ) ಕುಡೀತಾ ಕೂತಿದ್ದೆ. ವೈರ್ ಮೇಲೆ ಹಲ್ಲಿನ ಗೀರು ಇದೆ ಆದ್ರೆ ಒಂದು ಲ್ಯೂರೂ ಹೋಗಿಲ್ಲ, @ಕೃಷ್ಣಾದಂಡಿ ಅಣ್ಣಾವ್ರಿಗೆ ಥ್ಯಾಂಕ್ಸ್ ರೀ. ಗೈಡ್ ಈಗ ನನ್ನ ಹೆಸರು ಬಿಟ್ಟು ಕ್ಲಾವಾ ಅಂತಲೇ ಕರೀತಾನೆ.

ಮಲ್ನಾಡ್‌ಗಾಳ:
ಭೇಷ್ ಮಾರಾಯ. ನಂದು ತಪ್ಪು ಸಲಹೆ ಆಯ್ತು, ಬೇಜಾರಾಗ್ಬೇಡ. ಮುಂದಿನ ಸಲ ಸುರುಬಿಗೆ (ಅಲ್ಲಿನ ದೊಡ್ಡ ಮೀಸೆಮೀನು) ಹೋಗೋದಾದ್ರೆ ಮೊರೇನಾ ಕಟ್ಟು, ಆಗ ಹೊಡೀಬೇಡ.

ಶಿಂಷಾತೀರ:
ನವೆಂಬರಿಂದ ವೇದಾ (ಮೀನು ಹಿಡಿಯೋ ನಿಷೇಧದ ಕಾಲ) ಶುರು, ಗಾಳ ಬಂದ್. ಅದರೊಳಗೆ ಒಂದು ಸಲ ಇದೇ ನದಿ ದಡದ ಗೋಯಾ ಊರಿಗೆ ಹೋಗ್ತೀನಿ, ಸುರುಬಿಗೆ ಬೇರೆ ಥ್ರೆಡ್ ಹಾಕ್ತೀನಿ. ಇದನ್ನ ಸಾಲ್ವ್ಡ್ ಅಂತ ಮಾರ್ಕ್ ಮಾಡಿ.