ಹಕ್ಕಿಗಳನ್ನು ಕೊಲ್ಲಬಾರದೆಂದು ಮೊದಲು ಹೇಳಿದವರು ಯಾರು?

ಪ್ರಶ್ನೆ: ನಾಲೆದಂಡೆ (ದಾವಣಗೆರೆ)

ಮಾನ್ಯರೇ, ನಾನು ದಾವಣಗೆರೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭದ್ರಾ ನಾಲೆಗೆ ನೀರು ಬಂದು ಗದ್ದೆಗಳಲ್ಲಿ ಕೆಸರು ಹೊಡೆಯುವಾಗ ಟ್ರ್ಯಾಕ್ಟರಿನ ಬೆನ್ನಿಗೇ ಇಳಿಯುವ ಬೆಳ್ಳಕ್ಕಿಗಳನ್ನು ನೋಡಿ ಬಂದ ವಿದ್ಯಾರ್ಥಿನಿಯೊಬ್ಬಳು, "ಇವನ್ನು ಕೊಲ್ಲಬಾರದೆಂದು ಮೊದಲು ಹೇಳಿದವರು ಯಾರು ಸರ್?" ಎಂದು ಕೇಳಿದಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹೆಸರು ಹೇಳಿದೆನಾದರೂ ಆ ಉತ್ತರ ನನಗೇ ಸಾಲದೆನಿಸಿತು. ಕಾಯ್ದೆಗೂ ಹಿಂದಿನ ಕಥೆಯನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಗರಿಗೆದರು

ಸರ್, ಆ ಹುಡುಗಿ ಬೆಳ್ಳಕ್ಕಿಯನ್ನು ನೋಡಿಯೇ ಈ ಪ್ರಶ್ನೆ ಕೇಳಿದ್ದು ಬಹಳ ಸೊಗಸಾಗಿದೆ, ಏಕೆಂದರೆ ಸಂಘಟಿತ ಚಳವಳಿ ಹುಟ್ಟಲು ಮುಖ್ಯ ಕಾರಣಗಳಲ್ಲಿ ಬೆಳ್ಳಕ್ಕಿಯ ಗರಿಯೂ ಒಂದು. ಮರಿ ಮಾಡುವ ಕಾಲದಲ್ಲಿ ಅದರ ಬೆನ್ನ ಮೇಲೆ ನವಿರಾದ ಉದ್ದ ಗರಿಗಳು ಮೂಡುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳ ಹೆಂಗಸರ ಟೋಪಿಗಳಿಗೆ ಈ ಗರಿ ಬೇಕಾಗಿತ್ತು. ತೂಕಕ್ಕೆ ತೂಕ ಇಟ್ಟರೆ ಅದು ಬಂಗಾರಕ್ಕಿಂತ ತುಟ್ಟಿಯಾಗಿದ್ದ ಕಾಲವೂ ಉಂಟು. ಗರಿ ಮೂಡುವುದು ಗೂಡು ಕಟ್ಟಿದಾಗಲೇ ಆದ್ದರಿಂದ ಬೇಟೆಗಾರರು ತಾಯಿ ತಂದೆ ಹಕ್ಕಿಗಳನ್ನು ಗೂಡಿನ ಬಳಿಯೇ ಹೊಡೆಯುತ್ತಿದ್ದರು, ಮರಿಗಳು ಹಸಿದು ಸಾಯುತ್ತಿದ್ದವು.

ಇದನ್ನು ವಿರೋಧಿಸಿ 1889ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಎಮಿಲಿ ವಿಲಿಯಮ್ಸನ್ ಎಂಬ ಮಹಿಳೆ ಪಕ್ಷಿ ರಕ್ಷಣಾ ಸಂಘವನ್ನು ಆರಂಭಿಸಿದರು. ಆಹಾರಕ್ಕಾಗಿ ಕೊಲ್ಲದ ಹಕ್ಕಿಯ ಗರಿಯನ್ನು ಧರಿಸುವುದಿಲ್ಲ ಎಂಬುದೇ ಅದರ ಸದಸ್ಯೆಯರ ಪ್ರತಿಜ್ಞೆ. ಉಷ್ಟ್ರಪಕ್ಷಿಯ ಗರಿಗೆ ಮಾತ್ರ ವಿನಾಯಿತಿಯಿತ್ತು. 1896ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಇದೇ ಕೆಲಸಕ್ಕೆ ಇಳಿದರು. ಭಾರತವೂ ಈ ವ್ಯಾಪಾರದಿಂದ ಹೊರಗಿರಲಿಲ್ಲ. ಇಲ್ಲಿಂದ ಗರಿ ಮತ್ತು ತೊಗಲು ರಫ್ತಾಗುವುದನ್ನು 1902ರಲ್ಲಿ ನಿಷೇಧಿಸಲಾಯಿತಾದರೂ, ಬ್ರಿಟನ್ ತನ್ನ ಆಮದನ್ನು ನಿಲ್ಲಿಸುವ ಕಾನೂನು ಮಾಡಿದ್ದು 1921ರಲ್ಲಿ. ಕೊಳ್ಳುವ ಬಾಗಿಲನ್ನು ತೆರೆದಿಟ್ಟು ಮಾರುವ ಬಾಗಿಲನ್ನಷ್ಟೇ ಮುಚ್ಚಿದ್ದರಿಂದ ಕಳ್ಳಸಾಗಣೆ ನಡೆದೇ ಇತ್ತು. ಚಳವಳಿಯ ನಿಜವಾದ ಹೋರಾಟ ಆ ಹತ್ತೊಂಬತ್ತು ವರ್ಷಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ಕೋಟೆ ಕೆಳಗಿನವರು (ಚಿತ್ರದುರ್ಗ)

ಸಂಘ ಕಟ್ಟಿದವರನ್ನು ಗೌರವದಿಂದಲೇ ನೆನೆಯೋಣ, ಆದರೆ "ಮೊದಲು" ಎಂಬ ಮಾತಿಗೆ ನನ್ನ ತಕರಾರಿದೆ. ತಮಿಳುನಾಡಿನ ವೇಡಂತಾಂಗಲ್ ಕೆರೆಯ ಹಕ್ಕಿಗಳನ್ನು ಸಿಪಾಯಿಗಳು ಹೊಡೆದಾಗ ಊರವರು ದೂರು ಕೊಟ್ಟು, 1798ರಲ್ಲೇ ಚೆಂಗಲ್ಪಟ್ಟಿನ ಕಲೆಕ್ಟರರಿಂದ ರಕ್ಷಣೆಯ ಆದೇಶ ಪಡೆದರು. ಹಿಕ್ಕೆ ಬೆರೆತ ಕೆರೆಯ ನೀರು ಪೈರಿಗೆ ಒಳ್ಳೆಯದೆಂಬುದು ಆ ರೈತರಿಗೆ ಗೊತ್ತಿತ್ತು. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು (ಪೆಲಿಕನ್) ಮನೆ ಪಕ್ಕದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿದ್ದು 1940ರಲ್ಲಿ. ಈ ಮೂರನ್ನೂ ಮಕ್ಕಳಿಗೆ ಹೇಳಿ.

ಉತ್ತರ 3: ಕಾವಲುಹುಲ್ಲು

ಒಂದು ಸಣ್ಣ ತಿದ್ದುಪಡಿ: ಟ್ರ್ಯಾಕ್ಟರಿನ ಹಿಂದೆ ಹುಳ ಹೆಕ್ಕುವುದು ಹೆಚ್ಚಾಗಿ ಗೋವಕ್ಕಿ ಎಂಬ ಬೇರೆ ಜಾತಿಯ ಬೆಳ್ಳಕ್ಕಿ. ಗರಿಗಾಗಿ ಬಹಳವಾಗಿ ಬಲಿಯಾದವು ದೊಡ್ಡ ಬೆಳ್ಳಕ್ಕಿ ಮತ್ತು ಸಣ್ಣ ಬೆಳ್ಳಕ್ಕಿ. ಕಪ್ಪು ಕಾಲು, ಹಳದಿ ಬೆರಳು ಇದ್ದರೆ ಅದು ಸಣ್ಣ ಬೆಳ್ಳಕ್ಕಿ. ಕೆರೆಯಂಚಿನಲ್ಲಿ ಮಕ್ಕಳೇ ಗುರುತಿಸಬಲ್ಲರು.

ಬೆಳ್ಳಕ್ಕಿ ಉಳಿಯಿತು. ಎರೆಭೂತ ಎಂಬ ದೊಡ್ಡ ಹಕ್ಕಿಗೆ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಆ ಭಾಗ್ಯವಿಲ್ಲ ಎಂಬುದನ್ನೂ ಪಾಠದಲ್ಲಿ ಸೇರಿಸಬೇಕೆಂದು ಕಳಕಳಿಯಿಂದ ಕೇಳುತ್ತೇನೆ. ಸಲೀಂ ಅಲಿಯವರು ರಾಷ್ಟ್ರಪಕ್ಷಿಯಾಗಲೆಂದು ಬಯಸಿದ್ದು ಇದನ್ನೇ. 1963ರಲ್ಲಿ ಆ ಸ್ಥಾನ ನವಿಲಿಗೆ ಹೋಯಿತು. ಸಾಮಾನ್ಯವಾಗಿ ನೆಲದ ಮೇಲೆ ಒಂದೇ ಮೊಟ್ಟೆ ಇಡುವ ಈ ಹಕ್ಕಿಗೆ ಬೇಕಾದುದು ಬಯಲು ಹುಲ್ಲುಗಾವಲು. ಪಕ್ಕದ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಇದೂ ಇತ್ತು, ಆದರೆ ಅಲ್ಲಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಯಿತು. ಅಮೃತಮಹಲ್ ದನಗಳಿಗೆಂದು ಕಾದಿರಿಸಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ಬೇರೆ ಉದ್ದೇಶಗಳಿಗೆ ಹೋಯಿತು. ಬಂದೂಕನ್ನು ತಡೆಯುವ ಕಾನೂನು ನಮಗಿದೆ. ಹುಲ್ಲನ್ನು ನಾವು ಇಂದಿಗೂ ಪಾಳುಭೂಮಿ ಎಂದೇ ಬರೆಯುತ್ತೇವೆ.

ನಾಲೆದಂಡೆ:

ಎಲ್ಲರಿಗೂ ಕೃತಜ್ಞತೆಗಳು. ಗೋವಕ್ಕಿಯ ತಪ್ಪನ್ನು ತರಗತಿಯಲ್ಲೇ ತಿದ್ದುತ್ತೇನೆ. ಈ ಶನಿವಾರ ಮಕ್ಕಳನ್ನು ಕೊಂಡಜ್ಜಿ ಕೆರೆಗೆ ಕರೆದೊಯ್ದು, ಹಳದಿ ಬೆರಳಿನ ಹಕ್ಕಿ ಕಾಣಿಸಿದರೆ 1889ರ ಆ ಪ್ರತಿಜ್ಞೆಯ ಕಥೆಯನ್ನು ದಂಡೆಯ ಮೇಲೆಯೇ ಹೇಳುತ್ತೇನೆ.