ಸ್ಟ್ರೋಕ್ ತಡೆಯುವ ಮಾತ್ರೆಗಳು: ಡಾಕ್ಟರ್ ಮೇಡಂಗೆ ಪ್ರಶ್ನೆ ಕೇಳಿ

ಅಡ್ಮಿನ್: ಇವತ್ತು ನರರೋಗ ತಜ್ಞೆ ಡಾಕ್ಟರ್ ಮೇಡಂ ನಮ್ಮ ಜೊತೆ ಇದ್ದಾರೆ. ಸ್ಟ್ರೋಕ್ ಬಾರದಂತೆ ಕೊಡುವ ಮಾತ್ರೆಗಳ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ವಾಕಿಂಗ್ ಪ್ರಿಯ: ನಮಸ್ಕಾರ ಮೇಡಂ. ನನಗೆ ಸಣ್ಣ ಸ್ಟ್ರೋಕ್ ಆಗಿತ್ತು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಕೊಟ್ಟರು. ಮೂರು ವಾರ ಆದ ಮೇಲೆ ಒಂದನ್ನು ನಿಲ್ಲಿಸಿದರು. ಎರಡು ಇದ್ದರೆ ಜಾಸ್ತಿ ರಕ್ಷಣೆ ಅಲ್ವಾ?

ಡಾಕ್ಟರ್: ನಮಸ್ಕಾರ. ಸಣ್ಣ ಸ್ಟ್ರೋಕ್ ಆದವರಿಗೆ ಮತ್ತೊಂದು ಆಗುವ ಅಪಾಯ ಮೊದಲ ಕೆಲವು ವಾರಗಳಲ್ಲೇ ಹೆಚ್ಚು. ಅದಕ್ಕೇ ಸಾಮಾನ್ಯವಾಗಿ 21 ದಿನ ಎರಡೂ ಕೊಡುತ್ತೇವೆ. ಆಮೇಲೆ ಲಾಭ ಕಡಿಮೆ, ರಕ್ತಸ್ರಾವ ಜಾಸ್ತಿ. ಉಳಿದ ಒಂದನ್ನು ತಪ್ಪಿಸದೆ ತೆಗೆದುಕೊಳ್ಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕ ಬೇರೆ.

ಚಿಕ್ಕ ಸೊಸೆ: ಮೇಡಂ, ನಮ್ಮ ಮಾವನವರಿಗೆ ಹೃದಯದ ವಾಲ್ವ್ ಬದಲಾಯಿಸಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ಟೆಸ್ಟ್‌ಗೆ ಪದೇ ಪದೇ ರಕ್ತ ಕೊಟ್ಟು ಬೇಸತ್ತಿದ್ದರು. ಸ್ನೇಹಿತರೊಬ್ಬರು 'ಟೆಸ್ಟೇ ಬೇಡ' ಅಂತ ತಮ್ಮದೇ ಡಾಬಿಗಟ್ರಾನ್ ಡಬ್ಬಿ ಕೊಟ್ಟಿದ್ದಾರೆ. ನಾಲ್ಕು ದಿನದಿಂದ ವಾರ್ಫರಿನ್ ಬಿಟ್ಟು ಅದನ್ನೇ ನುಂಗುತ್ತಿದ್ದಾರೆ. ಆರಾಮಾಗಿದ್ದಾರೆ. ಮುಂದುವರಿಸಬಹುದಾ?

ಡಾಕ್ಟರ್: ತಡೀರಿ. ವಾಲ್ವ್ ಮೆಟಲ್‌ದಾ, ಟಿಶ್ಯೂ ವಾಲ್ವಾ?

ಮೇಷ್ಟ್ರು: (ಫಾರ್ವರ್ಡ್) ಸ್ಟ್ರೋಕ್ ಆದ ತಕ್ಷಣ ಹತ್ತೂ ಬೆರಳಿನ ತುದಿಗೆ ಸೂಜಿ ಚುಚ್ಚಿ ರಕ್ತ ಬರಿಸಿ. ರೋಗಿ ಎದ್ದು ಕೂರುತ್ತಾನೆ. ದಿನಾ ಬೆಳ್ಳುಳ್ಳಿ ರಸ ಕುಡಿದರೆ ಮಾತ್ರೆಯೇ ಬೇಡ. ಎಲ್ಲರಿಗೂ ಹಂಚಿ.

ಹಲ್ಲು ನೋವು: ನಾನು ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತೇನೆ. ಹಲ್ಲು ಕೀಳಿಸಬೇಕು. ಎಷ್ಟು ದಿನ ಮೊದಲು ನಿಲ್ಲಿಸಬೇಕು ಮೇಡಂ?

ಚಿಕ್ಕ ಸೊಸೆ: ಆಪರೇಷನ್ ಕಾಗದ ಸಿಗುತ್ತಿಲ್ಲ. ಆದರೆ ರಾತ್ರಿ ಎಲ್ಲ ನಿಶ್ಶಬ್ದ ಆದಾಗ ಅವರ ಎದೆಯಿಂದ ಟಿಕ್ ಟಿಕ್ ಕೇಳಿಸುತ್ತದೆ ಅಂತ ಅತ್ತೆ ಹೇಳುತ್ತಿರುತ್ತಾರೆ.

ಡಾಕ್ಟರ್: ಹಾಗಾದರೆ ಮೆಟಲ್ ವಾಲ್ವ್. ಅದು ಮುಚ್ಚಿಕೊಳ್ಳುವಾಗ ಬರುವ ಸದ್ದು. ಇವತ್ತೇ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡಾಬಿಗಟ್ರಾನ್ ಕೆಟ್ಟ ಔಷಧ ಅಲ್ಲ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಬಡಿತ ಲಯ ತಪ್ಪುವವರಿಗೆ ನಾನೇ ಬರೆದುಕೊಡುತ್ತೇನೆ. ಆ ಸ್ನೇಹಿತರಿಗೂ ಅದಕ್ಕೇ ಕೊಟ್ಟಿರಬಹುದು. ಮೆಟಲ್ ವಾಲ್ವ್ ಇದ್ದವರಿಗೆ ಅದು ಬೇಡವೇ ಬೇಡ. ರೀ-ಅಲೈನ್ ಅನ್ನುವ ಪ್ರಯೋಗದಲ್ಲಿ ಇಂಥವರಿಗೆ ಕೊಟ್ಟು ನೋಡಿದ್ದರು. ವಾರ್ಫರಿನ್‌ಗಿಂತ ಹೆಪ್ಪೂ ಜಾಸ್ತಿ ಆಯಿತು, ರಕ್ತಸ್ರಾವವೂ ಜಾಸ್ತಿ ಆಯಿತು. ಅರ್ಧಕ್ಕೇ ನಿಲ್ಲಿಸಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು.

ಆರಾಮಾಗಿದ್ದಾರೆ ಅಂತ ಸುಮ್ಮನಿರಬೇಡಿ. ವಾಲ್ವ್ ಮೇಲೆ ಹೆಪ್ಪು ಕೂರುವಾಗ ನೋವಾಗುವುದಿಲ್ಲ. ಎಷ್ಟೋ ಸಲ ಅದು ಕಿತ್ತು ಮಿದುಳಿಗೆ ಹೋದ ಮೇಲೆಯೇ ಗೊತ್ತಾಗುವುದು.

ಮನೆಯಲ್ಲೇ ವಾರ್ಫರಿನ್ ಮತ್ತೆ ಶುರು ಮಾಡಿದರಾಯಿತು ಅಂದುಕೊಳ್ಳಬೇಡಿ. ಅದು ಪೂರ್ತಿ ಕೆಲಸ ಮಾಡಲು ಐದಾರು ದಿನ ಬೇಕು. ಅಲ್ಲಿಯವರೆಗೆ ಹೆಪಾರಿನ್ ಇಂಜೆಕ್ಷನ್ ಬೇಕಾಗಬಹುದು. ಕೊನೆಯ ಡೋಸ್ ಎಷ್ಟು ಗಂಟೆಗೆ ತೆಗೆದುಕೊಂಡರು ಅಂತ ಬರೆದುಕೊಳ್ಳಿ, ಆ ಡಬ್ಬಿಯನ್ನೂ ಒಯ್ಯಿರಿ. ಈ ಔಷಧ ಹೆಚ್ಚಾಗಿ ಮೂತ್ರದಲ್ಲೇ ಹೊರಹೋಗುವುದು, ಹಾಗಾಗಿ ಕಿಡ್ನಿ ಟೆಸ್ಟ್ ಆಗಲಿ. ಮತ್ತೊಂದು, ಟಿಕ್ ಟಿಕ್ ಸದ್ದು ಮಂಕಾಗಿದೆಯಾ ಅಂತ ಅತ್ತೆಯನ್ನು ಕೇಳಿ. ಮಂಕಾಗಿದ್ದರೆ ಅಲ್ಲಿನ ಡಾಕ್ಟರ್‌ಗೆ ಮೊದಲು ಅದನ್ನೇ ಹೇಳಿ.

ಡಾಕ್ಟರ್: ಮೇಷ್ಟ್ರೇ, ಅದನ್ನು ಹಂಚಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ನೀವು ಬೆರಳು ಚುಚ್ಚುತ್ತಾ ಕೂತರೆ ಆ ಹೊತ್ತು ಮುಗಿಯುತ್ತದೆ. ಮನೆಯಲ್ಲಿ ಆಸ್ಪಿರಿನ್ ಕೂಡ ಕೊಡಬೇಡಿ. ರಕ್ತನಾಳ ಒಡೆದಿದೆಯೋ ಕಟ್ಟಿದೆಯೋ ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ.

ಹೊಸ ಸದಸ್ಯೆ: 50 ದಾಟಿದವರೆಲ್ಲ ಆಸ್ಪಿರಿನ್ ತಗೊಂಡರೆ ಒಳ್ಳೇದಾ?

ಡಾಕ್ಟರ್: ಇಲ್ಲ. ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಏನೂ ಆಗದವರು ಡಾಕ್ಟರನ್ನು ಕೇಳದೆ ಸುಮ್ನೆ ತಗೋಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

ಮೇಷ್ಟ್ರು: ಪ್ರಕೃತಿಯಿಂದ ಬಂದದ್ದೆಲ್ಲ ನಿಮಗೆ ಬೇಡ. ವಾರ್ಫರಿನ್ ಇಲಿ ಪಾಷಾಣ ಅನ್ನುವುದನ್ನು ಮಾತ್ರ ಯಾಕೆ ಹೇಳುವುದಿಲ್ಲ?

ಹಳೇ ಪೇಷೆಂಟ್: ಆ ಪಾಷಾಣ ನುಂಗಿಕೊಂಡೇ ನಾನು ಬದುಕಿರುವುದು ಮೇಷ್ಟ್ರೇ.

ಮೇಷ್ಟ್ರು: ನಿಮ್ಮನ್ನು ಕೇಳಲಿಲ್ಲ.

ಹಳೇ ಪೇಷೆಂಟ್: ನಿಮ್ಮ ಬೆಳ್ಳುಳ್ಳಿಯನ್ನೂ ಇಲ್ಲಿ ಯಾರೂ ಕೇಳಿರಲಿಲ್ಲ.

ಡಾಕ್ಟರ್: ಹೌದು, 1948ರಲ್ಲಿ ಇಲಿ ಪಾಷಾಣವಾಗಿಯೇ ಬಂತು. 1954ರಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ಅದರ ಮೂಲ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು. ಅದನ್ನು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ನಿಮ್ಮ ಪ್ರಕೃತಿಯಿಂದಲೇ ಬಂದದ್ದು ಸರ್. ಎಷ್ಟು ಕೊಡಬೇಕು ಅಂತ ನೋಡುವುದಕ್ಕೇ ಐಎನ್‌ಆರ್ ಇರುವುದು.

ಚಿಕ್ಕ ಸೊಸೆ: ಮೇಡಂ, ನಿನ್ನೆಯಿಂದ ಸದ್ದು ಸರಿಯಾಗಿ ಕೇಳಿಸುತ್ತಿಲ್ಲವಂತೆ. ತಮಗೇ ಕಿವಿ ಮಂದವಾಯಿತೇನೋ ಅಂದುಕೊಂಡಿದ್ದರಂತೆ ಅತ್ತೆ.

ಡಾಕ್ಟರ್: ಹೃದ್ರೋಗ ವಿಭಾಗ ಇರುವ ಕಡೆಗೇ ಹೋಗಿ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಆಗಬೇಕು. ದಾರಿಯಲ್ಲಿ ಮಾತು ತೊದಲಿದರೆ, ಕೈ ಸೋತರೆ, ಉಸಿರು ಕಟ್ಟಿದರೆ ಆ ಹೊತ್ತನ್ನು ಗುರುತು ಮಾಡಿಕೊಳ್ಳಿ. ಟೈಪ್ ಮಾಡಬೇಡಿ, ಹೊರಡಿ.

ಹಲ್ಲು ನೋವು: ಮೇಡಂ, ನನ್ನದು ಮೇಲೆ ಇದೆ.

ಅಡುಗೆಮನೆ: ವಾರ್ಫರಿನ್ ತಗೊಳ್ಳುವವರು ಸೊಪ್ಪು ತಿನ್ನಲೇಬಾರದಾ?

ಹಳೇ ಪೇಷೆಂಟ್: ತಿನ್ನಬಾರದು. ನಾನು ಪೂರ್ತಿ ಬಿಟ್ಟಿದ್ದೇನೆ.

ಡಾಕ್ಟರ್: ಬಿಡಬೇಕಿಲ್ಲ. ಅದರಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರು ಕೆಲಸ ಮಾಡುತ್ತದೆ. ಹಾಗಾಗಿ ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಅಂತ ಮಾಡದೆ ಹೆಚ್ಚುಕಮ್ಮಿ ಒಂದೇ ಅಳತೆ ಇರಲಿ. ಸೊಪ್ಪಿಗಿಂತ ನನಗೆ ಭಯ ಕೇಳದೆ ನುಂಗುವ ನೋವಿನ ಮಾತ್ರೆ ಡೈಕ್ಲೊಫಿನ್ಯಾಕ್, ಸೋಂಕಿನ ಮಾತ್ರೆಗಳಾದ ಮೆಟ್ರೊನಿಡಜೋಲ್, ಫ್ಲುಕೊನಜೋಲ್ ಬಗ್ಗೆ. ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವ ಜಾಸ್ತಿ.

ಹಳೇ ಪೇಷೆಂಟ್: ನನಗೆ ಬಿಡಿ ಅಂತ ಹೇಳಿದ್ದೂ ಡಾಕ್ಟರೇ. ನಿಮ್ಮಲ್ಲೇ ಒಬ್ಬರೊಂದು ಹೇಳಿದರೆ ನಾವೇನು ಮಾಡಬೇಕು?

ಮೇಷ್ಟ್ರು: ನೋಡಿದಿರಾ!

ಹಳೇ ಪೇಷೆಂಟ್: ನೀವು ಸುಮ್ಮನಿರಿ.

ಮರೆವು: ಅಪಿಕ್ಸಬಾನ್ ರಾತ್ರಿ ಮರೆತರೆ ಬೆಳಗ್ಗೆ ಎರಡು ನುಂಗಬಹುದಾ?

ಡಾಕ್ಟರ್: ಬೇಡ. ಒಂದೇ.

ನಿವೃತ್ತ: ಮುಂಜಾಗ್ರತೆಗೆ ಆಸ್ಪಿರಿನ್ ಶುರು ಮಾಡಬಹುದಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಮೇಷ್ಟ್ರು: (ಫಾರ್ವರ್ಡ್) ರಕ್ತನಾಳದ ಬ್ಲಾಕ್ ಏಳೇ ದಿನದಲ್ಲಿ ಮಾಯ...

ಡಾಕ್ಟರ್: ಅಡ್ಮಿನ್, ಇವರು ಇದ್ದರೆ ನಾನು ಇರುವುದಿಲ್ಲ.

ಅಡ್ಮಿನ್: ಫಾರ್ವರ್ಡ್ ತೆಗೆದಿದ್ದೇನೆ. ಇವತ್ತಿಗೆ ಪ್ರಶ್ನೆ ಸಾಕು.

ಹಲ್ಲು ನೋವು: ನನ್ನದು ಬಾಕಿ ಇದೆ ಸರ್. ನಾಳೆ ಬೆಳಗ್ಗೆ ಹಲ್ಲು ಕೀಳುವುದು.

ಹಳೇ ಪೇಷೆಂಟ್: ಸ್ಟ್ರೋಕ್‌ಗೆ ಮಾತ್ರೆ ಕೊಟ್ಟ ಡಾಕ್ಟರ್‌ಗೆ ಈಗಲೇ ಫೋನ್ ಮಾಡಿ. ನೀವಾಗಿ ನಿಲ್ಲಿಸಬೇಡಿ.